ಎಂ3 ಕಾರಿಗೆ ವಿಸ್ತರಿತ ವಾರಂಟಿ ಕೊಳ್ಳಬೇಕೇ, ಆ ಹಣವನ್ನು ದುರಸ್ತಿಗೆಂದು ಎತ್ತಿಡಬೇಕೇ?

ಹೆದ್ದಾರಿಪ್ರಿಯ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಈಗಿನ ಪೀಳಿಗೆಯ ಬಿಎಂಡಬ್ಲ್ಯು ಎಂ3 ಕಾಂಪಿಟಿಷನ್ ಇದೆ. ಮೂರು ಲೀಟರಿನ, ಆರು ಸಿಲಿಂಡರಿನ, ಎರಡು ಟರ್ಬೊಗಳ ಎಸ್58 ಎಂಜಿನ್ನು. ಎಂಟು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸು. ಕಾರನ್ನು ಮೊದಲ ಮಾಲೀಕರಿಂದ ಕೊಂಡೆ. ಸರ್ವೀಸಿನ ದಾಖಲೆಗಳೆಲ್ಲ ನನ್ನ ಕೈಯಲ್ಲಿವೆ. ಕಂಪನಿಯ ಮೂಲ ವಾರಂಟಿ ಇನ್ನು ಕೆಲವೇ ತಿಂಗಳುಗಳಲ್ಲಿ ಮುಗಿಯುತ್ತದೆ.

ಈಗ ನನ್ನ ಮುಂದೆ ಮೂರು ದಾರಿಗಳಿವೆ. ಕಂಪನಿಯೇ ಕೊಡುವ ವಾರಂಟಿ ವಿಸ್ತರಣೆಯನ್ನು ಕೊಳ್ಳುವುದು ಒಂದು, ಅದು ದುಬಾರಿ. ಹೊರಗಿನ ಸಂಸ್ಥೆಯೊಂದು ಅದರ ಅರ್ಧಕ್ಕಿಂತ ತುಸು ಹೆಚ್ಚಿನ ಬೆಲೆಗೆ ಅಷ್ಟೇ ಅವಧಿಯ ವಾರಂಟಿ ಕೊಡುತ್ತೇನೆ ಎನ್ನುತ್ತಿದೆ, ಅದು ಎರಡನೆಯದು. ಏನನ್ನೂ ಕೊಳ್ಳದೆ ಅದೇ ಹಣವನ್ನು ದುರಸ್ತಿಗೆಂದು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಮೂರನೆಯದು. ಕಾರನ್ನು ದಿನನಿತ್ಯ ಓಡಿಸುವುದಿಲ್ಲ, ಆದರೆ ಓಡಿಸುವಾಗ ದೂರ ಓಡಿಸುತ್ತೇನೆ. ಆಗೊಮ್ಮೆ ಈಗೊಮ್ಮೆ ರೇಸ್ ಟ್ರ್ಯಾಕಿಗೂ ಒಯ್ಯಬೇಕೆಂಬ ಆಸೆಯಿದೆ. ಈ ಕಾರನ್ನು ಬಹಳ ವರ್ಷ ಇಟ್ಟುಕೊಳ್ಳುವ ಮನಸ್ಸು ನನಗಿದೆ. ಆದ್ದರಿಂದಲೇ ನಿರ್ಧಾರವನ್ನು ವಿಚಾರ ಮಾಡಿ ಕೈಗೊಳ್ಳಬೇಕೆಂದುಕೊಂಡಿದ್ದೇನೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಸ್ಪ್ಯಾನರ್ ಹಿಡಿದವರು

ಇಂಥ ಕಾರುಗಳ ದುರಸ್ತಿಯೇ ನನ್ನ ಕಸುಬು. ಆದ್ದರಿಂದ ಮೊದಲು ಕಾರಿನ ಮಾತು ಆಡಿ, ಆಮೇಲೆ ಕರಾರಿನ ಮಾತಿಗೆ ಬರುತ್ತೇನೆ.

ಶಕ್ತಿಶಾಲಿ ಕಾರುಗಳು ಸಾಮಾನ್ಯ ಕಾರುಗಳಿಗಿಂತ ಹೆಚ್ಚು ಸಲ ಕೆಡುತ್ತವೆ ಎಂದು ಹೇಳಲಾರೆ. ಕೆಟ್ಟಾಗ ಒಂದೇ ಏಟಿಗೆ ಬರುವ ಬಿಲ್ಲು ದೊಡ್ಡದು, ಅಷ್ಟೇ. ಒಂದು ಸಣ್ಣ ಭಾಗ ಕೆಟ್ಟು ಇಡೀ ಜೋಡಣೆಯನ್ನೇ ಬದಲಿಸಬೇಕಾಗಿ ಬರುವುದು ಇವುಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಪೋರ್ಷೆ 996 ಮತ್ತು ಮೊದಲ ಬಾಕ್ಸ್‌ಸ್ಟರ್‌ಗಳ ಎಂ96 ಎಂಜಿನ್ನಿನಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟಿನ ಒಂದು ಬೇರಿಂಗು ಒಡೆದರೆ ಎಂಜಿನ್ನೇ ಹೋಗುತ್ತಿತ್ತು. ಬೇರಿಂಗು ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಪೋರ್ಷೆಯ ಪಿಡಿಕೆ ಎಂಬ ಎರಡು ಕ್ಲಚ್ಚುಗಳ ಗೇರ್‌ಬಾಕ್ಸಿನ ಒಳಗಿನ ಸೆನ್ಸರ್ ಕೆಟ್ಟಾಗ, ಒಳಗಿನ ಬಿಡಿಭಾಗಗಳು ಬಿಡಿಯಾಗಿ ಸಿಗದಿದ್ದ ಕಾಲದಲ್ಲಿ, ಪೂರ್ತಿ ಗೇರ್‌ಬಾಕ್ಸನ್ನೇ ಇಳಿಸಿ ಹೊಸದನ್ನು ಕೂರಿಸುವುದು ರೂಢಿಯಾಗಿತ್ತು. ನಿಮ್ಮದೇ ಎಂ3ಯ ಹಿಂದಿನ ಪೀಳಿಗೆಗಳನ್ನು ನೋಡಿದರೆ, ವಿ8 ಎಂಜಿನ್ನಿನ ಕಾಲದಲ್ಲಿ ಕನೆಕ್ಟಿಂಗ್ ರಾಡ್ ಬೇರಿಂಗುಗಳ ಸವೆತವೂ ಥ್ರಾಟಲ್ ಆಕ್ಚುಯೇಟರುಗಳೂ ಮಾಲೀಕರಿಗೆ ದೊಡ್ಡ ಚಿಂತೆಯಾಗಿದ್ದವು.

ನಿಮ್ಮ ಎಸ್58 ಎಂಜಿನ್ನು ನಾನು ಕಂಡ ಮಟ್ಟಿಗೆ ಗಟ್ಟಿಮುಟ್ಟಾದದ್ದು. ಗೇರ್‌ಬಾಕ್ಸು ಕೂಡ ಎರಡು ಕ್ಲಚ್ಚುಗಳದ್ದಲ್ಲ, ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಝಡ್‌ಎಫ್ ತಯಾರಿಕೆಯದು. ಆ ವಿಷಯದಲ್ಲಿ ನಿಮಗೆ ನಿಶ್ಚಿಂತೆ ಸ್ವಲ್ಪ ಹೆಚ್ಚು. ಆದರೂ ಟರ್ಬೊಗಳು, ಅಧಿಕ ಒತ್ತಡದ ಇಂಧನ ಪಂಪು, ಇಂಜೆಕ್ಟರುಗಳು, ಎಲೆಕ್ಟ್ರಾನಿಕ್ ನಿಯಂತ್ರಣದ ಶಾಕ್ ಅಬ್ಸಾರ್ಬರುಗಳು, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲು, ಒಳಗಿನ ಪರದೆ ಮತ್ತು ಕಂಟ್ರೋಲ್ ಮಾಡ್ಯೂಲುಗಳು, ಇವೆಲ್ಲ ವಯಸ್ಸಾದಂತೆ ಒಂದೊಂದಾಗಿ ಬಿಲ್ಲು ತರಬಲ್ಲ ಭಾಗಗಳೇ.

ಈಗ ಕರಾರಿನ ಮಾತು. ಬೆಲೆಗಿಂತ ಮೊದಲು ಕರಾರಿನ ರೀತಿಯನ್ನು ನೋಡಿ. ಕೆಲವು ಕರಾರುಗಳು ತಾವು ಭರಿಸುವ ಭಾಗಗಳನ್ನು ಪಟ್ಟಿ ಮಾಡುತ್ತವೆ. ಪಟ್ಟಿಯಲ್ಲಿ ಹೆಸರಿಲ್ಲದ್ದಕ್ಕೆ ಒಂದು ಕಾಸೂ ಸಿಗುವುದಿಲ್ಲ. ಇನ್ನು ಕೆಲವು ಎಲ್ಲವನ್ನೂ ಭರಿಸುವುದಾಗಿ ಹೇಳಿ, ಭರಿಸದ ಭಾಗಗಳನ್ನಷ್ಟೇ ಪಟ್ಟಿ ಮಾಡುತ್ತವೆ. ನಿಮ್ಮ ಕಾರಿನಂಥದಕ್ಕೆ ಎರಡನೆಯ ರೀತಿಯದೇ ಬೇಕು, ಏಕೆಂದರೆ ಮೊದಲ ರೀತಿಯ ಪಟ್ಟಿಗಳನ್ನು ಹೆಚ್ಚಾಗಿ ಸಾಧಾರಣ ಕಾರುಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿರುತ್ತಾರೆ. ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್ಲಾಗಲಿ ವಿಶೇಷ ಶಾಕ್ ಅಬ್ಸಾರ್ಬರುಗಳಾಗಲಿ ಅವುಗಳಲ್ಲಿ ಕಾಣಸಿಗುವುದು ಅಪರೂಪ. ಬ್ರೇಕ್ ಪ್ಯಾಡು, ಡಿಸ್ಕು, ಟೈರುಗಳಂಥ ಸವೆಯುವ ಭಾಗಗಳನ್ನು ಯಾವ ವಾರಂಟಿಯೂ ಭರಿಸದು. ನಿಮ್ಮ ಕಾರಿಗೆ ಕಾರ್ಬನ್ ಸೆರಾಮಿಕ್ ಬ್ರೇಕುಗಳಿದ್ದರೆ, ಅವುಗಳ ಡಿಸ್ಕುಗಳು ಎಷ್ಟೇ ದುಬಾರಿಯಾಗಿದ್ದರೂ ಸವೆತದ ಲೆಕ್ಕಕ್ಕೇ ಸೇರುತ್ತವೆ.

ಮತ್ತೊಂದು ಷರತ್ತನ್ನು ಬೆರಳಿಟ್ಟು ಓದಿ. ಭರಿಸದ ಭಾಗವೊಂದು ಕೆಟ್ಟು ಅದರಿಂದ ಭರಿಸುವ ಭಾಗಕ್ಕೆ ಹಾನಿಯಾದರೆ ಹೊಣೆ ಯಾರದು? ರಬ್ಬರಿನ ಕೂಲೆಂಟ್ ಕೊಳವೆಯನ್ನು ಸವೆಯುವ ಭಾಗವೆಂದು ಹೊರಗಿಟ್ಟಿರುತ್ತಾರೆ. ಅದು ದಾರಿಯಲ್ಲಿ ಒಡೆದು, ಎಂಜಿನ್ನು ಬಿಸಿಯೇರಿ, ಸಿಲಿಂಡರ್ ಹೆಡ್ಡು ಬಾಗಿತೆನ್ನಿ. ಹೆಡ್ಡು ಪಟ್ಟಿಯಲ್ಲಿದ್ದರೂ ಕಾರಣವಾದ ಕೊಳವೆ ಪಟ್ಟಿಯಲ್ಲಿಲ್ಲ ಎಂದು ಕ್ಲೇಮನ್ನು ತಿರಸ್ಕರಿಸಲು ಅವಕಾಶ ಕೊಡುವ ವಾಕ್ಯ ಕರಾರಿನಲ್ಲಿ ಇದೆಯೇ ಇಲ್ಲವೇ ಎಂಬುದು ಇಡೀ ವಾರಂಟಿಯ ಬೆಲೆಯನ್ನೇ ನಿರ್ಧರಿಸುತ್ತದೆ.

ಲೆಕ್ಕಿಗ

ಮೇಲಿನವರು ಯಂತ್ರದ ಕಡೆಯಿಂದ ಹೇಳಿದ್ದಾರೆ. ನಾನು ಹಣದ ಕಡೆಯಿಂದ ಹೇಳುತ್ತೇನೆ.

ವಾರಂಟಿಯ ಬೆಲೆಯು ಒಂದು ಗೇರ್‌ಬಾಕ್ಸ್ ಬದಲಿಸುವ ಖರ್ಚಿನ ಐದನೇ ಒಂದು ಭಾಗದಷ್ಟಿದೆ ಎಂದುಕೊಳ್ಳೋಣ. ಆ ಅವಧಿಯೊಳಗೆ ಅಷ್ಟು ದೊಡ್ಡ ದುರಸ್ತಿ ಬರುವ ಸಾಧ್ಯತೆ ನೂರಕ್ಕೆ 20ಕ್ಕಿಂತ ಹೆಚ್ಚಿದ್ದರೆ ಮಾತ್ರ ಬರಿಯ ಲೆಕ್ಕದಲ್ಲಿ ನಿಮಗೆ ಲಾಭ. ಮಾರುವವರು ಕ್ಲೇಮುಗಳ ಖರ್ಚು, ಏಜೆಂಟರ ಕಮಿಷನ್, ತಮ್ಮ ಲಾಭ ಎಲ್ಲವನ್ನೂ ಸೇರಿಸಿಯೇ ಬೆಲೆ ಕಟ್ಟುವುದರಿಂದ, ಕೊಂಡವರೆಲ್ಲರನ್ನೂ ಒಟ್ಟಿಗೆ ತೆಗೆದುಕೊಂಡರೆ ಅವರು ಕೊಟ್ಟದ್ದಕ್ಕಿಂತ ಹಿಂದಕ್ಕೆ ಬಂದದ್ದು ಕಡಿಮೆಯೇ ಆಗಿರಬೇಕು. ಆದರೆ ಇದು ಎಲ್ಲ ವಿಮೆಗಳಿಗೂ ಒಪ್ಪುವ ಮಾತು. ಅಷ್ಟಕ್ಕೇ ವಾರಂಟಿ ಬೇಡ ಎಂದು ತೀರ್ಮಾನಿಸಲಾಗದು. ಮುಂದಿನ ತಿಂಗಳೇ ಗೇರ್‌ಬಾಕ್ಸಿನ ಬಿಲ್ಲು ಬಂದರೆ, ಸಾಲ ಮಾಡದೆ, ಕಾರು ಮಾರದೆ, ಮನೆಯ ಬೇರೆ ಖರ್ಚುಗಳಿಗೆ ಕತ್ತರಿ ಹಾಕದೆ ಅದನ್ನು ಕಟ್ಟಬಲ್ಲಿರಾ? ಕಟ್ಟಬಲ್ಲಿರಾದರೆ ಮೂರನೆಯ ದಾರಿ ನಿಮಗೆ ತೆರೆದಿದೆ. ಇಲ್ಲವಾದರೆ, ವಾರಂಟಿಗೆ ಕೊಡುವ ಮೊತ್ತವನ್ನಷ್ಟೇ ಎತ್ತಿಟ್ಟು ಧೈರ್ಯದಿಂದಿರುವುದು ಸರಿಯಲ್ಲ. ಆ ಮೊತ್ತ ಆ ಬಿಲ್ಲಿನ ಐದನೇ ಒಂದು ಭಾಗ ಮಾತ್ರ, ಮತ್ತು ಯಂತ್ರವು ನಿಮ್ಮ ಉಳಿತಾಯ ಬೆಳೆಯುವವರೆಗೆ ಕಾಯುವುದಿಲ್ಲ.

ಇದೇ ಕಾರಣಕ್ಕೆ ಕ್ಲೇಮಿನ ಮಿತಿಯನ್ನು ತಪ್ಪದೆ ನೋಡಿ. ಹಲವು ಅಗ್ಗದ ಕರಾರುಗಳಲ್ಲಿ ಪ್ರತಿ ಕ್ಲೇಮಿಗೂ ಒಂದು ಗರಿಷ್ಠ ಮೊತ್ತ ಇರುತ್ತದೆ. ಆ ಮೊತ್ತ ಒಂದು ಗೇರ್‌ಬಾಕ್ಸಿನ ಅರ್ಧಕ್ಕೂ ಸಾಲದಿದ್ದರೆ, ನೀವೇ ಹೊರಬಲ್ಲ ಸಣ್ಣ ಖರ್ಚುಗಳನ್ನು ಅವರು ಹೊರುತ್ತಾರೆ, ಹೊರಲಾಗದ ದೊಡ್ಡದು ನಿಮ್ಮ ತಲೆಯ ಮೇಲೆಯೇ ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಬೇಕಾದದ್ದು ಇದಕ್ಕೆ ತದ್ವಿರುದ್ಧವಾದ ಕರಾರು: ಪ್ರತಿ ಕ್ಲೇಮಿನಲ್ಲಿ ನೀವು ಕೈಯಿಂದ ಕಟ್ಟುವ ಪಾಲು ಸ್ವಲ್ಪ ಹೆಚ್ಚಿದ್ದರೂ ಚಿಂತೆಯಿಲ್ಲ, ಗರಿಷ್ಠ ಮಿತಿ ಮಾತ್ರ ಕಾರಿನ ಮಾರುಕಟ್ಟೆ ಬೆಲೆಯ ಸಮೀಪವಿರಬೇಕು.

ಹೊರಗಿನ ಸಂಸ್ಥೆಯ ಕರಾರಿನ ಅವಧಿ ಯಾವತ್ತಿನಿಂದ ಶುರುವಾಗುತ್ತದೆ ಎಂದು ಕೂಡ ಕೇಳಿ. ಕೊಂಡ ದಿನದಿಂದಲೇ ಎಣಿಸುವುದಾದರೆ, ಮೂಲ ವಾರಂಟಿ ಇನ್ನೂ ಜೀವಂತವಿರುವ ತಿಂಗಳುಗಳಿಗೂ ನೀವು ಹಣ ಕೊಟ್ಟಂತಾಗುತ್ತದೆ. ಕಾರು ಮಾರಿದರೆ ಹೊಸ ಮಾಲೀಕರಿಗೆ ವರ್ಗಾಯಿಸಬಹುದೇ, ನಡುವೆ ರದ್ದು ಮಾಡಿದರೆ ಉಳಿದ ಅವಧಿಯ ಹಣ ವಾಪಸ್ ಬರುತ್ತದೆಯೇ ಎಂಬುದೂ ಬರವಣಿಗೆಯಲ್ಲಿರಲಿ.

ಹಳೇ ಟರ್ಬೊ

ಹೊರಗಿನ ಸಂಸ್ಥೆಯ ವಾರಂಟಿಯನ್ನು ಬಳಸಿದ ಅನುಭವ ನನಗಿದೆ. ಹೆಸರು ಹೇಳುವುದಿಲ್ಲ, ನಡೆದದ್ದನ್ನು ಹೇಳುತ್ತೇನೆ.

ನನ್ನ ಕಾರಿನ ಒಂದು ಟರ್ಬೊದಿಂದ ಎಣ್ಣೆ ಸೋರತೊಡಗಿತು. ಗಾಡಿ ಶುರು ಮಾಡಿದಾಗ ಹಿಂದಿನಿಂದ ನೀಲಿ ಹೊಗೆ ಬರುತ್ತಿತ್ತು. ಟರ್ಬೊ ಪಟ್ಟಿಯಲ್ಲಿತ್ತು. ಆದರೆ ಒಪ್ಪಿಗೆ ಕೊಡುವ ಮೊದಲು ಭಾಗವನ್ನು ಬಿಚ್ಚಿ ತೋರಿಸಬೇಕು, ಕಾರಣ ಅವರ ಕರಾರಿಗೆ ಒಳಪಡದಿದ್ದರೆ ಬಿಚ್ಚಿದ ಕೂಲಿ ನಿಮ್ಮದೇ ಎಂದು ಸಂಸ್ಥೆಯವರು ಹೇಳಿದರು. ಅವರ ಪರಿಶೀಲಕರು ಬರುವವರೆಗೆ ಕಾರು ಲಿಫ್ಟಿನ ಮೇಲೆಯೇ ನಿಂತಿತ್ತು. ವರ್ಕ್‌ಶಾಪಿನವರು ಆ ಜಾಗಕ್ಕೂ ಬಾಡಿಗೆ ಕೇಳಿದರು. ಕೊನೆಗೆ ಕ್ಲೇಮು ಒಪ್ಪಿಗೆಯಾಯಿತು, ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಗಂಟೆಗೆ ಇಂತಿಷ್ಟೇ ಕೂಲಿ ಎಂಬ ಮಿತಿ ಅವರ ಕರಾರಿನಲ್ಲಿತ್ತು. ಇಂಥ ಕಾರುಗಳನ್ನು ಬಲ್ಲ ವರ್ಕ್‌ಶಾಪಿನ ಕೂಲಿ ಅದಕ್ಕಿಂತ ಎಷ್ಟೋ ಹೆಚ್ಚು. ಆ ವ್ಯತ್ಯಾಸವನ್ನು ನಾನು ಕಟ್ಟಿದೆ. ಕಾರು ಓಡಿದ ದೂರಕ್ಕೆ ಅನುಗುಣವಾಗಿ ಬಿಡಿಭಾಗದ ಬೆಲೆಯಲ್ಲೂ ಒಂದು ಪಾಲನ್ನು ಕಡಿತ ಮಾಡಿದರು.

ಆದ್ದರಿಂದ ನಾನು ಹೇಳುವುದು ಇಷ್ಟು. ಅರ್ಧ ಬೆಲೆಯ ಕರಾರನ್ನು ಪೂರ್ತಿ ಬೆಲೆಯದರ ಜೊತೆ ಹೋಲಿಸುವ ಮೊದಲು, ಕ್ಲೇಮಿನ ಹಣವನ್ನು ಕೊಡುವವರು ನಿಜವಾಗಿ ಯಾರು, ಮಾರಿದ ಸಂಸ್ಥೆಯೋ ಅದರ ಹಿಂದಿರುವ ವಿಮಾ ಕಂಪನಿಯೋ ಎಂದು ತಿಳಿದುಕೊಳ್ಳಿ. ಮಾರಿದವರೇ ಅಂಗಡಿ ಮುಚ್ಚಿದರೆ ಕರಾರು ಬರಿಯ ಕಾಗದವಾಗುತ್ತದೆ. ನಿಮ್ಮ ವರ್ಕ್‌ಶಾಪಿಗೆ ಹೋಗಿ, ಈ ಸಂಸ್ಥೆಯ ಕೆಲಸವನ್ನು ನೀವು ಒಪ್ಪಿಕೊಳ್ಳುತ್ತೀರಾ, ಅವರು ನಿಮಗೆ ನೇರವಾಗಿ ಹಣ ಕಟ್ಟುತ್ತಾರೆಯೇ ಎಂದು ಸರ್ವೀಸ್ ಕೌಂಟರಿನಲ್ಲಿರುವವರನ್ನು ಕೇಳಿ. ಜಾಹೀರಾತು ಹೇಳದ್ದನ್ನು ಅವರ ಮುಖವೇ ಹೇಳುತ್ತದೆ.

ಹೆದ್ದಾರಿಪ್ರಿಯ

ಎಲ್ಲರಿಗೂ ಧನ್ಯವಾದಗಳು. ಲೆಕ್ಕಿಗ ಅವರ ಪ್ರಶ್ನೆಗೆ ನನ್ನ ಉತ್ತರ: ಗೇರ್‌ಬಾಕ್ಸಿನ ಬಿಲ್ಲನ್ನು ಕಷ್ಟಪಟ್ಟು ಕಟ್ಟಬಲ್ಲೆ, ಆದರೆ ಅದಾದ ಮೇಲೆ ಆ ವರ್ಷ ಮತ್ತೊಂದು ದೊಡ್ಡ ಖರ್ಚನ್ನು ತಡೆದುಕೊಳ್ಳಲಾರೆ. ಆದ್ದರಿಂದ ಮನಸ್ಸು ಕಂಪನಿಯ ವಿಸ್ತರಣೆಯತ್ತ ವಾಲುತ್ತಿದೆ. ಆದರೆ ಟ್ರ್ಯಾಕಿನ ವಿಷಯವನ್ನು ಯಾರೂ ಹೇಳಲಿಲ್ಲ. ಟ್ರ್ಯಾಕಿಗೆ ಒಯ್ದರೆ ವಾರಂಟಿ ಹೋಗುತ್ತದೆಯೇ? ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವವರೂ ಇದ್ದಾರೆ. ಆಮೇಲೆ ಮೊದಲಿನಂತೆ ಮಾಡಿಟ್ಟರೆ ಗೊತ್ತಾಗುವುದಿಲ್ಲ ಎನ್ನುತ್ತಾರೆ.

ಸ್ಪ್ಯಾನರ್ ಹಿಡಿದವರು

ಸಾಫ್ಟ್‌ವೇರಿನ ಮಾತನ್ನು ಮೊದಲು ಮುಗಿಸೋಣ: ಬೇಡ. ಕಂಟ್ರೋಲ್ ಯೂನಿಟ್ಟನ್ನು ಹೊರಗಿನವರು ಮತ್ತೆ ಬರೆದರೆ, ಹಿಂದಿನಂತೆ ಮಾಡಿಟ್ಟರೂ ಕುರುಹು ಉಳಿಯುವುದುಂಟು. ಆಡಿ ಮತ್ತು ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಇದು ಪತ್ತೆಯಾದರೆ ಕಂಪನಿಯ ದಾಖಲೆಯಲ್ಲಿ ಟಿಡಿ1 ಎಂಬ ಗುರುತು ಬೀಳುತ್ತದೆ; ಆಮೇಲೆ ಆ ಕಾರಿನ ಎಂಜಿನ್ ಮತ್ತು ಗೇರ್‌ಬಾಕ್ಸಿನ ಕ್ಲೇಮುಗಳಿಗೆ ದಾರಿ ಬಹುತೇಕ ಮುಚ್ಚಿದಂತೆಯೇ. ವಾರಂಟಿಗೆ ಹಣ ಕೊಟ್ಟು ಅದರ ಬುಡಕ್ಕೇ ಕೊಡಲಿ ಹಾಕುವುದರಲ್ಲಿ ಅರ್ಥವಿಲ್ಲ.

ಟ್ರ್ಯಾಕಿನ ವಿಷಯದಲ್ಲಿ ಕರಾರಿನ ಮಾತೇ ಕೊನೆಯ ಮಾತು. ಸ್ಪರ್ಧೆಯಲ್ಲಿ ಭಾಗವಹಿಸಿದರೆ ಭರಿಸುವುದಿಲ್ಲ ಎಂದು ಬರೆಯುವುದೇ ಬೇರೆ, ಟ್ರ್ಯಾಕಿನ ಮೇಲೆ ಯಾವುದೇ ಬಳಕೆಗೂ ಭರಿಸುವುದಿಲ್ಲ ಎಂದು ಬರೆಯುವುದೇ ಬೇರೆ. ನೀವು ಹೇಳದಿದ್ದರೂ ಕಾರು ಹೇಳುತ್ತದೆ ಎಂಬುದು ನೆನಪಿರಲಿ. ಪೋರ್ಷೆಗಳಲ್ಲಿ ಎಂಜಿನ್ನು ಮಿತಿಮೀರಿ ತಿರುಗಿದ ಸಂದರ್ಭಗಳನ್ನು ಕಂಟ್ರೋಲ್ ಯೂನಿಟ್ಟು 1ರಿಂದ 6ರವರೆಗಿನ ಶ್ರೇಣಿಗಳಲ್ಲಿ ದಾಖಲಿಸಿಡುತ್ತದೆ. ವಾರಂಟಿ ವಿಸ್ತರಿಸುವ ಮೊದಲು ಡೀಲರ್ ಅದನ್ನು ತೆಗೆದು ನೋಡುತ್ತಾರೆ. ನಿಸಾನ್ ಜಿಟಿ-ಆರ್ ಆರ್35 ಬಂದ ಹೊಸತರಲ್ಲಿ, ಸ್ಥಿರತೆ ನಿಯಂತ್ರಣವನ್ನು ಆಫ್ ಮಾಡಿ ನಿಂತಲ್ಲಿಂದ ಪೂರ್ಣ ಶಕ್ತಿಯಲ್ಲಿ ಚಿಮ್ಮಿಸುವ ಲಾಂಚ್ ಕಂಟ್ರೋಲ್ ಬಳಸಿ ಗೇರ್‌ಬಾಕ್ಸ್ ಕೆಡಿಸಿಕೊಂಡವರಿಗೆ ವಾರಂಟಿ ಸಿಗದೆ ದೊಡ್ಡ ವಿವಾದವೇ ಆಗಿತ್ತು. ಆಮೇಲೆ ಕಂಪನಿ ಆ ಪ್ರೋಗ್ರಾಮನ್ನೇ ಬದಲಿಸಿತು. ಕಾರಿನಲ್ಲಿ ಗುಂಡಿ ಇದೆ ಎಂದ ಮಾತ್ರಕ್ಕೆ ಅದರ ಪರಿಣಾಮವನ್ನು ವಾರಂಟಿ ಹೊರುತ್ತದೆ ಎಂದು ಭಾವಿಸಬೇಡಿ. ಟ್ರ್ಯಾಕಿನ ಷರತ್ತು ಏನೆಂದು ಡೀಲರಿಗೆ ಪತ್ರ ಬರೆದು ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಬಾಯಿಮಾತಿಗೆ ಕ್ಲೇಮಿನ ದಿನ ಬೆಲೆಯಿರುವುದಿಲ್ಲ.

ಸರ್ವೀಸ್ ದಾಖಲೆಗಳನ್ನೂ ಇನ್ನೊಮ್ಮೆ ತೆಗೆದು ನೋಡಿ. ಎಂ ಕಾರುಗಳಿಗೆ ಸುಮಾರು 2,000 ಕಿಲೋಮೀಟರಿಗೆ ಮಾಡಿಸಬೇಕಾದ ಮೊದಲ ಸರ್ವೀಸು ಒಂದಿದೆ. ಎಂಜಿನ್ ಮತ್ತು ಡಿಫರೆನ್ಷಿಯಲ್ಲಿನ ಎಣ್ಣೆಯನ್ನು ಆಗ ಬದಲಿಸುತ್ತಾರೆ. ಅದು ನಿಮ್ಮ ಮೊದಲ ಮಾಲೀಕರ ಕಾಲದ ಕೆಲಸ. ಅದರ ದಾಖಲೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ದೊಡ್ಡ ಕ್ಲೇಮು ಬಂದಾಗ ಹುಡುಕುವುದೇ ಇಂಥ ಬಿಟ್ಟುಹೋದ ಪುಟವನ್ನು.

ಹೆದ್ದಾರಿಪ್ರಿಯ

ಆ ಸರ್ವೀಸಿನ ದಾಖಲೆ ಇದೆ. ತಾರೀಖು, ದೂರ ಎರಡೂ ಸರಿಯಾಗಿವೆ. ಕಂಪನಿಯ ವಿಸ್ತರಣೆಯನ್ನೇ ಕೊಳ್ಳುವುದೆಂದು ಬಹುಮಟ್ಟಿಗೆ ತೀರ್ಮಾನಿಸಿದ್ದೇನೆ. ಟ್ರ್ಯಾಕಿನ ಬಗ್ಗೆ ಲಿಖಿತ ಉತ್ತರ ಬಂದ ಮೇಲೆ ಹಣ ಕಟ್ಟುತ್ತೇನೆ. ಉತ್ತರ ಒಪ್ಪುವಂತಿಲ್ಲದಿದ್ದರೆ ವಾರಂಟಿಯನ್ನು ಬಿಡುವುದಿಲ್ಲ, ಟ್ರ್ಯಾಕನ್ನು ಬಿಡುತ್ತೇನೆ.

ಸ್ಪ್ಯಾನರ್ ಹಿಡಿದವರು

ಒಳ್ಳೆಯದು. ಹಣ ಕಟ್ಟುವ ಮೊದಲು, ಮೂಲ ವಾರಂಟಿ ಇನ್ನೂ ಇರುವಾಗಲೇ, ಕಾರನ್ನು ಪೂರ್ತಿ ಪರೀಕ್ಷೆಗೆ ಕೊಡಿ. ವಿಸ್ತರಣೆ ಶುರುವಾಗುವ ಮುನ್ನವೇ ಇದ್ದ ದೋಷ ಎಂದು ಮುಂದೆ ಯಾರೂ ಬೆರಳು ತೋರಿಸುವಂತಾಗಬಾರದು. ಈಗ ಸಿಕ್ಕ ದೋಷಗಳೆಲ್ಲ ಮೂಲ ವಾರಂಟಿಯಲ್ಲೇ ಸರಿಯಾಗಲಿ. ಕಾರನ್ನು ಹಿಂದಿನ ದಿನ ಸಂಜೆಯೇ ಬಿಟ್ಟುಬನ್ನಿ, ಬೆಳಿಗ್ಗೆ ತಣ್ಣಗಿರುವ ಎಂಜಿನ್ನನ್ನು ಅವರೇ ಶುರು ಮಾಡಲಿ. ಮೊದಲ ಕೆಲವು ಸೆಕೆಂಡುಗಳಲ್ಲಿ ಕೇಳುವ ಟೈಮಿಂಗ್ ಚೈನಿನ ಸದ್ದು, ಇಂಜೆಕ್ಟರಿನ ತೊಂದರೆಯಿಂದ ಬರುವ ನಡುಕ, ಟರ್ಬೊ ಸೀಲಿನಿಂದ ಬರುವ ಹೊಗೆ, ಇವು ಎಂಜಿನ್ನು ಬಿಸಿಯಾದ ಮೇಲೆ ಅಡಗಿಬಿಡುತ್ತವೆ. ಅಡಿಯ ಫಲಕವನ್ನು ಬಿಚ್ಚಿ ಎಣ್ಣೆ, ಕೂಲೆಂಟ್ ಸೋರಿಕೆ ನೋಡುವಂತೆ ಜಾಬ್ ಕಾರ್ಡಿನಲ್ಲೇ ಬರೆಸಿ, ಅದರ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.