ನಾರ್ಮಂಡಿಗೆ ಹೊರಟಿದ್ದೀರಾ? ಗೈಡ್ ಸುಮನಾ ಅವರನ್ನು ಕೇಳಿ

ಅಡ್ಮಿನ್: ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಗೈಡ್ ಆಗಿರುವ ನಮ್ಮ ಸುಮನಾ ಮೇಡಂ ಈ ಶನಿವಾರ, ಭಾನುವಾರ ಇಲ್ಲಿ ಉತ್ತರಿಸುತ್ತಾರೆ. ಕೇಳುವ ಮೊದಲು ಮೇಲಿನ ಉತ್ತರಗಳನ್ನು ಓದಿ. ಫಾರ್ವರ್ಡ್ ಹಾಕಬೇಡಿ.

ಅನುಷಾ: ಅಕ್ಕ, ಮೇ ತಿಂಗಳಲ್ಲಿ ನಾವಿಬ್ಬರು ಬರುತ್ತಿದ್ದೇವೆ. ಪ್ಯಾರಿಸ್‌ನಿಂದ ಒಂದೇ ದಿನದಲ್ಲಿ ಎತ್ರೆತಾ ಬಂಡೆಗಳು, ಎರಡನೇ ಮಹಾಯುದ್ಧದಲ್ಲಿ ಸೈನ್ಯ ಇಳಿದ ಬೀಚುಗಳು, ಕೊಲ್ಲಿಯ ನಡುವಿನ ಬೆಟ್ಟದ ಮೇಲೆ ಮಠವಿರುವ ಮೋಂ ಸ್ಯಾಂ ಮಿಶೆಲ್ ಮೂರೂ ನೋಡಿ ಬರಬಹುದಾ?

ಸುಮನಾ: ಆಗಲ್ಲ ಅನುಷಾ. ಎತ್ರೆತಾ ಒಂದು ತುದಿ, ಮೋಂ ಸ್ಯಾಂ ಮಿಶೆಲ್ ಇನ್ನೊಂದು ತುದಿ. ದಿನವಿಡೀ ಕಾರಿನಲ್ಲೇ ಕೂತಿರುತ್ತೀರಿ. ಮೂರು ರಾತ್ರಿ ಇಟ್ಟುಕೊಳ್ಳಿ, ಬೇಯೋ ಊರಲ್ಲಿ ಉಳಿದುಕೊಳ್ಳಿ. ಪ್ಯಾರಿಸ್‌ನ ಸ್ಯಾಂ ಲಜಾರ್ ಸ್ಟೇಷನ್ನಿಂದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಯುದ್ಧದಲ್ಲಿ ಸುತ್ತಲಿನ ಊರುಗಳು ನೆಲಸಮವಾದರೂ ಬೇಯೋ ಉಳಿಯಿತು, ಹಳೇ ಬೀದಿಗಳು ಹಾಗೇ ಇವೆ. ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ: ಅಲ್ಲಿನ ಪ್ರಸಿದ್ಧ ಕಸೂತಿ ಪಟದ ಮ್ಯೂಸಿಯಂ 2025ರ ಸೆಪ್ಟೆಂಬರ್‌ನಿಂದ ಮುಚ್ಚಿದೆ. 2027ರ ಅಕ್ಟೋಬರ್‌ಗೆ ತೆರೆಯುವ ಯೋಜನೆ ಇದೆ.

ಮಂಜುನಾಥ್: ಮೇಡಂ, ವೀಸಾಕ್ಕೆ ಎಷ್ಟು ದಿನ ಮೊದಲು ಅರ್ಜಿ ಹಾಕಬೇಕು?

ಸುಮನಾ: ಪ್ರಯಾಣದ 6 ತಿಂಗಳು ಮೊದಲಿನಿಂದ ಹಾಕಬಹುದು. ಕೊನೇ ಗಡುವು 15 ದಿನ, ಆದರೆ ಅಲ್ಲಿಯವರೆಗೆ ಕಾಯಬೇಡಿ. ಶುಲ್ಕ ದೊಡ್ಡವರಿಗೆ 90 ಯೂರೋ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು ಇರಬೇಕು. ಯುರೋಪಿನಲ್ಲಿ ನಾಲ್ಕೈದು ದೇಶ ಸುತ್ತುವವರು, ಹೆಚ್ಚು ದಿನ ಎಲ್ಲಿರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು.

ಶಶಿಕಲಾ: ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಊಟಕ್ಕೆ ಏನು ಮಾಡುವುದಮ್ಮಾ?

ಸುಮನಾ: ಕಷ್ಟವಿದೆ, ಆದರೆ ಉಪವಾಸ ಇರಬೇಕಾಗಿಲ್ಲ ಅಮ್ಮ. ಬಕ್‌ವೀಟ್ ಹಿಟ್ಟಿನಲ್ಲಿ ದೋಸೆಯ ಹಾಗೆ ತೆಳ್ಳಗೆ ಹರಡಿ ಮಾಡುವ ಗಾಲೆಟ್ ಎಲ್ಲ ಕಡೆ ಸಿಗುತ್ತದೆ. ಅಣಬೆ, ಟೊಮೆಟೊ ಹಾಕಿಸಿಕೊಳ್ಳಿ. ಕೆಲವು ಕಡೆ ಕಾವಲಿಗೆ ಹಂದಿಯ ಕೊಬ್ಬು ಸವರುತ್ತಾರೆ, ಬೆಣ್ಣೆಯಲ್ಲೇ ಮಾಡಿ ಅಂತ ಕೇಳಿ. ತರ್ಗೂಲ್ ಅಂತ ಒಂದು ಸಿಹಿ ಇದೆ. ಅಕ್ಕಿ, ಹಾಲು, ಸಕ್ಕರೆ, ದಾಲ್ಚಿನ್ನಿ ಹಾಕಿ ಗಂಟೆಗಟ್ಟಲೆ ಒಲೆಯಲ್ಲಿ ಬೇಯಿಸಿದ್ದು. ಧೈರ್ಯವಾಗಿ ತಿನ್ನಿ. ಚೀಸ್ ಬಗ್ಗೆ ಮಾತ್ರ ಎಚ್ಚರ. ಸಾಂಪ್ರದಾಯಿಕ ಕಮಾಂಬೇರ್ ಚೀಸ್‌ಗೆ ಹಾಲು ಒಡೆಸಲು ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದ ತೆಗೆದದ್ದು. ಮಧ್ಯಾಹ್ನದ ಊಟ 12ರಿಂದ 2. ಆಮೇಲೆ ಸಣ್ಣ ಊರುಗಳಲ್ಲಿ ಅಡುಗೆಮನೆ ಮುಚ್ಚಿ, ಸಂಜೆ 7ಕ್ಕೆ ತೆರೆಯುತ್ತಾರೆ.

ಗಣೇಶ್: ಚೀಸ್ ಹಾಲಿನಿಂದ ಮಾಡುವುದು. ಅದು ಹೇಗೆ ಮಾಂಸಾಹಾರ ಆಗುತ್ತದೆ? ಸುಮ್ನೆ ಹಿರಿಯರನ್ನು ಹೆದರಿಸಬೇಡಿ.

ವಿದ್ಯಾ: ಗಣೇಶ್ ಅವರೇ, ಅವರು ಹೆದರಿಸಿಲ್ಲ. ಯಾವುದರಿಂದ ಮಾಡುತ್ತಾರೆ ಅಂತ ಹೇಳಿದರು. ತಿನ್ನುವುದು ಬಿಡುವುದು ಶಶಿಕಲಾ ಅಮ್ಮನವರ ಇಷ್ಟ.

ಗಣೇಶ್: ಹಾಗೆ ನೋಡಿದರೆ ಇಲ್ಲಿ ಪಿಜ್ಜಾ ತಿನ್ನುವವರೆಲ್ಲ ಏನಾಗಬೇಕು?

ವಿದ್ಯಾ: ಭಾರತದ ಪ್ಯಾಕೆಟ್ ಚೀಸ್ ಮೇಲೆ ಹಸಿರು ಚುಕ್ಕೆ ಇರುತ್ತದೆ. ಅಲ್ಲಿ ಇರುವುದಿಲ್ಲ. ಇಷ್ಟೇ ವಿಷಯ.

ಶಶಿಕಲಾ: ನನ್ನಿಂದ ಜಗಳ ಬೇಡ. ನಾನು ಚೀಸ್ ತಿನ್ನುವುದಿಲ್ಲ, ಮುಗಿಯಿತು.

ಹರೀಶ್: ಸುಮನಾ ಮೇಡಂ, ನಾವು ಸೆಪ್ಟೆಂಬರ್ ಕೊನೆಗೆ ಬರುತ್ತೇವೆ. ನಾನು, ಹೆಂಡತಿ, 9 ಮತ್ತು 6 ವರ್ಷದ ಮಕ್ಕಳು, 71 ವರ್ಷದ ಅಪ್ಪ. ಸಮುದ್ರ ಇಳಿದಾಗ ಜೆನೆ ಊರಿನ ಕಡೆಯಿಂದ ಮರಳಿನ ಮೇಲೆ ನಡೆದೇ ಮೋಂ ಸ್ಯಾಂ ಮಿಶೆಲ್ ತಲುಪಬಹುದು ಅಂತ ವೀಡಿಯೋದಲ್ಲಿ ನೋಡಿದೆ. ನಾವು ಹೋಗುವ ದಿನ ಮಧ್ಯಾಹ್ನ 3ಕ್ಕೆ ಇಳಿತ. 3ಕ್ಕೆ ಹೊರಟು, ಮಠ ನೋಡಿ, ಸಂಜೆ ಹಾಗೇ ನಡೆದು ವಾಪಸ್. ಗೈಡ್ ಬೇಕೇ ಬೇಕಾ? ಅಪ್ಪ ದಿನಾ ವಾಕಿಂಗ್ ಮಾಡುತ್ತಾರೆ.

ಸುಮನಾ: ಹರೀಶ್, ದಯವಿಟ್ಟು ಈ ಪ್ಲಾನ್ ಕೈಬಿಡಿ. ಯಾಕೆ ಅಂತ ಪೂರ್ತಿ ಹೇಳುತ್ತೇನೆ.

ಮೊದಲು ಗಂಟೆಯ ಲೆಕ್ಕ. ಜೆನೆ ಹತ್ತಿರದ ದಡದಿಂದ ಆಚೆಗೆ ಸುಮಾರು 7 ಕಿಲೋಮೀಟರ್. ಅದು ಪಾರ್ಕಿನ ದಾರಿ ಅಲ್ಲ. ಜಾರುವ ಕೆಸರು, ಮೊಣಕಾಲುದ್ದ ನೀರಿನ ಹೊಳೆಗಳು ಇವೆ. ಮಕ್ಕಳ ಜೊತೆ ಎರಡೂವರೆ ಗಂಟೆ ಹಿಡಿಯುತ್ತದೆ. ಅಂದರೆ ಐದೂವರೆಗೆ ತಲುಪುತ್ತೀರಿ. ಮಠಕ್ಕೆ ಹತ್ತಿ ಇಳಿದು ಹೊರಡುವ ಹೊತ್ತಿಗೆ ಏಳು. ಆ ದಿನ ಉಬ್ಬರ ರಾತ್ರಿ ಎಂಟೂವರೆ ಸುಮಾರಿಗೆ ಇರುತ್ತದೆ. ಆದರೆ ನೀರು ಎಂಟೂವರೆಗೆ ಬರುವುದಲ್ಲ, ಅದಕ್ಕೆ ಒಂದೂವರೆ ಎರಡು ಗಂಟೆ ಮೊದಲೇ ಬೆಟ್ಟದ ಬುಡಕ್ಕೆ ಬಂದಿರುತ್ತದೆ. ನೀವು ವಾಪಸ್ ಹೆಜ್ಜೆ ಇಡುವಾಗಲೇ ಸಮುದ್ರ ಅಲ್ಲಿರುತ್ತದೆ. ಸ್ವಲ್ಪ ಹೊತ್ತಿಗೆ ಕತ್ತಲೆಯೂ ಆಗುತ್ತದೆ. ಗೈಡ್‌ಗಳು ಇಳಿತದ ಹೊತ್ತಿಗೆ ಹೊರಡುವುದಿಲ್ಲ. ನೀರು ಇನ್ನೂ ಇಳಿಯುತ್ತಿರುವಾಗಲೇ ಹೊರಟು, ಅದು ತಿರುಗಿ ಬರುವ ಮೊದಲು ದಡ ಸೇರಿರುತ್ತಾರೆ.

ಎರಡನೆಯದು ನೀವು ಆರಿಸಿದ ಕಾಲ. ಯುರೋಪಿನ ಅತಿ ದೊಡ್ಡ ಉಬ್ಬರ ಇಳಿತಗಳು ಕಾಣುವ ಜಾಗಗಳಲ್ಲಿ ಈ ಕೊಲ್ಲಿ ಒಂದು. ದೊಡ್ಡ ದಿನಗಳಲ್ಲಿ ನೀರಿನ ಮಟ್ಟ 14 ಮೀಟರ್‌ನಷ್ಟು ಏರಿಳಿಯುತ್ತದೆ. ಆ ದೊಡ್ಡ ದಿನಗಳು ಬರುವುದೇ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸು. ಇಲ್ಲಿನ ಉಬ್ಬರದ ಪಟ್ಟಿಯಲ್ಲಿ 20ರಿಂದ 120ರವರೆಗಿನ ಒಂದು ಅಂಕಿ ಇರುತ್ತದೆ. 110 ದಾಟಿತೋ, ಬೆಟ್ಟದ ಸುತ್ತ ನೀರು ತುಂಬಿ ಅದು ದ್ವೀಪವೇ ಆಗುತ್ತದೆ. ನೋಡಲು ಅದ್ಭುತ. ಆ ನೋಟವನ್ನು ಮೇಲಿನ ಕೋಟೆಗೋಡೆಯಿಂದ ನೋಡಬೇಕು, ಮರಳಿನಿಂದ ಅಲ್ಲ.

ಮೂರನೆಯದು ಜನರಿಗೆ ತಿಳಿಯದೇ ಇರುವುದು. ನೀರು ಎದುರಿನಿಂದ ಅಲೆಯಾಗಿ ಬರುತ್ತದೆ, ನೋಡಿ ಓಡಬಹುದು ಅಂದುಕೊಳ್ಳುತ್ತಾರೆ. ಈ ಕೊಲ್ಲಿಗೆ ಸೀ, ಸೆಲ್ಯೂನ್, ಕುಏನೋಂ ಅಂತ ಮೂರು ನದಿಗಳು ಸೇರುತ್ತವೆ. ಅವುಗಳ ಪಾತ್ರ ಮರಳಿನಲ್ಲಿ ಆಗಾಗ ಜಾಗ ಬದಲಿಸುತ್ತಿರುತ್ತದೆ. ಸಮುದ್ರ ಮೊದಲು ಆ ಪಾತ್ರಗಳೊಳಗೆ ಸದ್ದಿಲ್ಲದೆ ತುಂಬುತ್ತದೆ. ನಿಮ್ಮ ಮುಂದೆ ಇನ್ನೂ ಒಣ ಮರಳು, ಹಿಂದೆ ಆಗಲೇ ದಾಟಲಾಗದ ನೀರು. ಮಂಜು ಇಳಿದರೆ ದಿಕ್ಕೇ ತಿಳಿಯುವುದಿಲ್ಲ.

ಆಮೇಲೆ ಹುದುಗುವ ಮರಳು. ಮೇಲೆ ಹೇಳಿದ ಕಸೂತಿ ಪಟ ಸುಮಾರು 70 ಮೀಟರ್ ಉದ್ದ, 11ನೇ ಶತಮಾನದ್ದು. ಅದರಲ್ಲೇ ಈ ಮರಳಿದೆ. ಸೈನಿಕರು ಕುಏನೋಂ ನದಿ ದಾಟುವಾಗ ಹುದುಗುತ್ತಾರೆ, ಹೆರಾಲ್ಡ್ ಎಂಬ ಇಂಗ್ಲಿಷ್ ಸರದಾರ ಅವರನ್ನು ಎಳೆದು ತೆಗೆಯುತ್ತಾನೆ. ಅಂದರೆ ಸಾವಿರ ವರ್ಷದಿಂದ ಇಲ್ಲಿನವರಿಗೆ ಗೊತ್ತಿರುವ ಅಪಾಯ ಇದು.

ನಡೆಯಲೇಬೇಕು ಅಂತಿದ್ದರೆ ಪ್ರಮಾಣಪತ್ರ ಇರುವ ಕೊಲ್ಲಿಯ ಗೈಡ್ ಜೊತೆ ಹೋಗಿ. ಮಕ್ಕಳ ವಯಸ್ಸು ಮೊದಲೇ ಹೇಳಿ, ಬೇಡ ಅಂದರೆ ಬೇಡ. ಬೆಟ್ಟದ ಸುತ್ತಲೇ ಸಣ್ಣ ನಡಿಗೆಗಳೂ ಇವೆ, ನಿಮ್ಮ ಚಿಕ್ಕವನಿಗೆ ಅದೇ ಸರಿ. ಅಪ್ಪ ಬೇಡ. ಅವರು ಪಾರ್ಕಿಂಗ್‌ನಿಂದ ಉಚಿತ ಬಸ್ಸಿನಲ್ಲಿ ಸೇತುವೆ ಮೇಲೆ ಬರಲಿ. ಎರಡೂವರೆ ಕಿಲೋಮೀಟರ್ ದಾರಿ. ಮಠಕ್ಕೆ ಸುಮಾರು 350 ಮೆಟ್ಟಿಲು, ಶಕ್ತಿಯನ್ನು ಅದಕ್ಕೆ ಉಳಿಸಿಕೊಳ್ಳಲಿ. ಸಮುದ್ರದಲ್ಲಿ ತೊಂದರೆಯಾದರೆ 196, ಬೇರೆ ಯಾವುದಕ್ಕಾದರೂ 112. ಇವತ್ತೇ ಫೋನಿಗೆ ಹಾಕಿಕೊಳ್ಳಿ.

ಪ್ರಸನ್ನ: ಇಷ್ಟು ಹೆದರುವುದು ಏನಿಲ್ಲ ಹರೀಶ್. ನಾನು ಮಲ್ಪೆಯವನು, ಸಮುದ್ರ ನೋಡಿಯೇ ಬೆಳೆದವನು. ಇದನ್ನು ಓದಿ, ಫಾರ್ವರ್ಡ್ ಬಂದದ್ದು: "ಅಮಾವಾಸ್ಯೆ, ಹುಣ್ಣಿಮೆ ಬಿಟ್ಟು ಬೇರೆ ದಿನ ಸಮುದ್ರಕ್ಕೆ ಇಳಿದರೆ ಭಯವಿಲ್ಲ. ಮರಳಲ್ಲಿ ಹುದುಗಿದರೆ ಸೊಂಟಕ್ಕೆ ಬೆಲ್ಟ್ ಕಟ್ಟಿ ನಾಲ್ಕು ಜನ ಜೋರಾಗಿ ಎಳೆಯಿರಿ. ಎಲ್ಲರಿಗೂ ಹಂಚಿ."

ಸುಮನಾ: ಪ್ರಸನ್ನ ಅವರೇ, ಇದನ್ನು ಅಳಿಸಿ. ಎರಡೂ ತಪ್ಪು. ನಮ್ಮ ಕರಾವಳಿಯಲ್ಲಿ ಏರಿಳಿತ ಎರಡು ಮೀಟರ್ ಆಸುಪಾಸು. ಇಲ್ಲಿ ಅದರ ಆರೇಳು ಪಟ್ಟು. ಮಲ್ಪೆಯ ಅನುಭವದಿಂದ ಈ ಕೊಲ್ಲಿಯನ್ನು ಅಳೆಯಲು ಬರುವುದಿಲ್ಲ. ಇಲ್ಲಿ ದೊಡ್ಡ ಉಬ್ಬರ ಬರುವುದು ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೂವರೆ ಎರಡು ದಿನಕ್ಕೆ. ನಿಮ್ಮ ಫಾರ್ವರ್ಡ್ ನಂಬಿದವರು ಸರಿಯಾಗಿ ಅದೇ ದಿನ ಮರಳಿಗೆ ಇಳಿಯುತ್ತಾರೆ. ಹುದುಗಿದವರನ್ನು ಜೋರಾಗಿ ಎಳೆಯಬಾರದು. ಕಾಲಿನ ಸುತ್ತ ಮರಳು ಬಿಗಿದಿರುತ್ತದೆ, ಎಳೆದರೆ ಕಾಲಿಗೇ ಪೆಟ್ಟು. ಹಿಂದಕ್ಕೆ ಒರಗಿ, ಭಾರ ಹರಡಿ, ಒಂದೊಂದೇ ಕಾಲನ್ನು ನಿಧಾನ ಅಲ್ಲಾಡಿಸಬೇಕು. ಆಗ ನೀರು ಒಳಗಿಳಿದು ಮರಳು ಸಡಿಲವಾಗುತ್ತದೆ. ಮನುಷ್ಯ ಅದರಲ್ಲಿ ಪೂರ್ತಿ ಮುಳುಗುವುದಿಲ್ಲ. ಸಾಯುವುದು ಸಿಕ್ಕಿಕೊಂಡಿರುವಾಗ ಸಮುದ್ರ ಬಂದರೆ.

ಪ್ರಸನ್ನ: ನೀವೇ ಮೇಲೆ ಬರೆದಿದ್ದೀರಿ, ಆ ಹೆರಾಲ್ಡ್ ಎಳೆದು ತೆಗೆದ ಅಂತ. ಅವನು ಎಳೆಯಬಹುದು, ನಾವು ಎಳೆಯಬಾರದಾ?

ಸುಮನಾ: ಅದು ಒಬ್ಬ ಸರದಾರನ ಬಲ ತೋರಿಸಲು ಹೊಲಿದ ಚಿತ್ರ, ಜೀವ ಉಳಿಸುವ ಪಾಠ ಅಲ್ಲ. ಫಾರ್ವರ್ಡ್ ಅಳಿಸಿ.

ಮಂಜುನಾಥ್: ಮೇಡಂ, ವೀಸಾಕ್ಕೆ ಎಷ್ಟು ದಿನ ಬೇಕು?

ಸುಮನಾ: ಮೇಲಿದೆ.

ಇಕ್ಬಾಲ್: ಕಾರು ಬಾಡಿಗೆಗೆ ತೆಗೆದುಕೊಂಡರೆ ಟೋಲ್ ಹೇಗೆ? ಯುದ್ಧದ ಬೀಚುಗಳಿಗೆ ಒಂದೇ ದಿನ ಇದೆ, ಏನೇನು ನೋಡಲಿ?

ಸುಮನಾ: ಪ್ಯಾರಿಸ್‌ನಿಂದ ಬರುವ ಎ13 ಹೆದ್ದಾರಿಯಲ್ಲಿ ಈಗ ಟೋಲ್ ಗೇಟ್ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ನೋಡುತ್ತದೆ. 72 ಗಂಟೆಯೊಳಗೆ ಆನ್‌ಲೈನ್ ಕಟ್ಟಬೇಕು, ಮರೆತರೆ ದಂಡ. ಒಂದೇ ದಿನ ಅಂದರೆ ಐದೂ ಬೀಚು ಓಡಬೇಡಿ. ಬೆಳಗ್ಗೆ ಒಮಾಹಾ, ಅದರ ಮೇಲಿನ ಅಮೆರಿಕನ್ ಸ್ಮಶಾನ. ಅಲ್ಲಿ 9,300ಕ್ಕೂ ಜಾಸ್ತಿ ಸಮಾಧಿಗಳು. ಆಮೇಲೆ ಲಾ ಕಾಂಬ್‌ನ ಜರ್ಮನ್ ಸ್ಮಶಾನಕ್ಕೂ ಹೋಗಿ, ಅಲ್ಲಿ 21,000ಕ್ಕೂ ಹೆಚ್ಚು. ಜನ ಅದನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು. ಸಂಜೆ ಅರೊಮಾಂಶ್‌ನಲ್ಲಿ ಮಿತ್ರರಾಷ್ಟ್ರಗಳ ಸೇನೆ ಸಮುದ್ರದಲ್ಲೇ ಕಟ್ಟಿದ ಬಂದರಿನ ಕಾಂಕ್ರೀಟ್ ತುಂಡುಗಳು. ಒಮಾಹಾವನ್ನು ಇಳಿತದ ಹೊತ್ತಿಗೆ ನೋಡಿ. 1944ರ ಜೂನ್ 6ರ ಬೆಳಗ್ಗೆ ಅಮೆರಿಕನ್ ಸೈನಿಕರನ್ನು ಇಳಿಸಿದ್ದು ನೀರು ಕೆಳಗಿದ್ದಾಗ, ಮರಳಲ್ಲಿ ಜರ್ಮನರು ನೆಟ್ಟಿದ್ದ ಅಡ್ಡಿಗಳು ಕಣ್ಣಿಗೆ ಕಾಣಲಿ ಅಂತ. ಅದರಿಂದ ಅವರು ಗುಂಡಿನ ಎದುರು ಎಷ್ಟು ಅಗಲದ ಬಯಲು ದಾಟಬೇಕಾಯಿತು ಅನ್ನುವುದು ಅಲ್ಲಿ ನಿಂತರೆ ಅರ್ಥವಾಗುತ್ತದೆ.

ಗಣೇಶ್: ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ನಾರ್ಮಂಡಿಯಲ್ಲಿ ಹೋರಾಡಿದರಂತಲ್ಲ. ಅವರ ಸ್ಮಾರಕ ಎಲ್ಲಿದೆ?

ವಿದ್ಯಾ: ಇಲ್ಲ. ಅವರು ಹೋರಾಡಿದ್ದು ಹೈಫಾದಲ್ಲಿ, 1918ರ ಸೆಪ್ಟೆಂಬರ್ 23ರಂದು. ಅದು ಮೊದಲನೇ ಮಹಾಯುದ್ಧ. ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲೇ ಇದೆ.

ಗಣೇಶ್: ನಿಮಗೆ ಎಲ್ಲದರಲ್ಲೂ ನನ್ನನ್ನು ತಿದ್ದುವುದೇ ಕೆಲಸವಾ? ನನಗೆ ಬಂದ ಮೆಸೇಜಿನಲ್ಲಿ ಹಾಗಿತ್ತು.

ವಿದ್ಯಾ: ಮೆಸೇಜಿನಲ್ಲಿ ಬಂದದ್ದನ್ನು ನೋಡದೆ ಇಲ್ಲಿ ಹಾಕಿದರೆ ತಿದ್ದಬೇಕಾಗುತ್ತದೆ.

ಸುಮನಾ: ವಿದ್ಯಾ ಹೇಳಿದ್ದು ಸರಿ. ಫ್ರಾನ್ಸಿನಲ್ಲಿ ಮೊದಲನೇ ಯುದ್ಧದಲ್ಲಿ ಸತ್ತ ಭಾರತೀಯರ ಸ್ಮಾರಕ ಬೇಕಾದರೆ ನವ್ ಶಪೆಲ್‌ಗೆ ಹೋಗಿ. ಲೀಲ್ ನಗರದ ಹತ್ತಿರ. ಸಮಾಧಿಯೇ ಸಿಗದ 4,700ಕ್ಕೂ ಹೆಚ್ಚು ಜನರ ಹೆಸರು ಅಲ್ಲಿದೆ. ನಾರ್ಮಂಡಿ ದಾರಿಯಲ್ಲಿ ಬರುವುದಿಲ್ಲ, ಬೇರೆ ದಿನ ಬೇಕು.

ರೇಖಾ: ಕನ್ನಡ ಮಾತಾಡುವ ಡ್ರೈವರ್ ಸಿಗುತ್ತಾರಾ?

ಮಂಜುನಾಥ್: ವೀಸಾಕ್ಕೆ ಸುಳ್ಳು ಹೋಟೆಲ್ ಬುಕಿಂಗ್ ತೋರಿಸಿ ಆಮೇಲೆ ರದ್ದು ಮಾಡಿದರೆ ನಡೆಯುತ್ತದೆ ಅಂತ ಫಾರ್ವರ್ಡ್ ಇದೆ. ಮಾಡಬಹುದಾ?

ಸುಮನಾ: ಬೇಡ. ಪರಿಶೀಲಿಸುತ್ತಾರೆ. ಸಿಕ್ಕಿಬಿದ್ದರೆ ಅರ್ಜಿ ತಿರಸ್ಕಾರ, ಮುಂದಿನ ಅರ್ಜಿಗೂ ಪೆಟ್ಟು. ರದ್ದು ಮಾಡಲು ಅವಕಾಶ ಇರುವ ನಿಜವಾದ ಕೋಣೆಯನ್ನೇ ಬುಕ್ ಮಾಡಿ, ಅಲ್ಲೇ ಉಳಿಯಿರಿ. ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೊದಲ ಸಾಲಿನಲ್ಲೇ ಬರೆದಿದ್ದಾರೆ.

ಅನುಷಾ: ಎತ್ರೆತಾದಲ್ಲಿ ಬಂಡೆಯ ಕಮಾನಿನ ಕೆಳಗೆ ಹೋಗಬಹುದಾ ಅಕ್ಕ?

ಸುಮನಾ: ಇಳಿತದಲ್ಲಿ ಮಾತ್ರ, ಗಂಟೆ ನೋಡಿಕೊಂಡು. ನೀರು ಏರಿದರೆ ಬಂಡೆಯ ಬುಡದಲ್ಲಿ ಸಿಕ್ಕಿಬೀಳುತ್ತೀರಿ. ಮೇಲೆ ಅಂಚಿಗೆ ಹೋಗಿ ಫೋಟೋ ತೆಗೆಯಬೇಡಿ, ಸುಣ್ಣದ ಬಂಡೆ ಕುಸಿಯುತ್ತದೆ. ಕಡಲ ತೀರದ ಉರುಟು ಕಲ್ಲು ತರುವುದು ಅಲ್ಲಿ ನಿಷೇಧ.

ಪ್ರಸನ್ನ: ಎಲ್ಲದಕ್ಕೂ ಬೇಡ ಬೇಡ ಅಂದರೆ ಜನ ಪ್ರವಾಸ ಯಾಕೆ ಬರಬೇಕು? ಗೈಡ್‌ಗಳಿಗೆ ಗಿರಾಕಿ ಹುಡುಕುವ ದಾರಿ ಇದು.

ಸುಮನಾ: ನಾನು ಕೊಲ್ಲಿ ದಾಟಿಸುವ ಗೈಡ್ ಅಲ್ಲ, ಆ ದುಡ್ಡು ನನಗೆ ಬರುವುದಿಲ್ಲ. ನಿಮ್ಮ ಫಾರ್ವರ್ಡ್ ಇನ್ನೂ ಅಲ್ಲೇ ಇದೆ. ಆರು ವರ್ಷದ ಮಗು ಇರುವ ಮನೆಯವರು ಅದನ್ನು ಓದುತ್ತಿದ್ದಾರೆ.

ಅಡ್ಮಿನ್: ಅಳಿಸಿದ್ದೇನೆ. ಪ್ರಸನ್ನ, ಇನ್ನು ಇಲ್ಲಿ ಬರೆಯಬೇಡಿ.

ಹರೀಶ್: ಮೇಡಂ, ಭಾವ ಈಗಲೂ ಗೈಡ್ ಬೇಡ ಅನ್ನುತ್ತಿದ್ದಾರೆ, ವೀಡಿಯೋದಲ್ಲಿ ಎಷ್ಟೋ ಜನ ತಾವೇ ನಡೆದುಹೋಗುತ್ತಾರಂತೆ. ನಾನು ಮತ್ತು ದೊಡ್ಡವಳು ಮಾತ್ರ ಹೋಗುವುದು ಅಂತ ಮಾಡಿದ್ದೇವೆ. ಬೆಳಗ್ಗೆ ಹೊರಡುವ ಗುಂಪು ಒಂದಿದೆ, ಹಣ ಇನ್ನೂ ಕಟ್ಟಿಲ್ಲ.

ಸುಮನಾ: ಭಾವನ ಮಾತು ಬಿಡಿ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿಂದ ಹೊರಡುತ್ತಾರೆ ಬರೆಯಿರಿ. ಹಣ ಕಟ್ಟುವ ಮೊದಲು ಗೈಡ್‌ನ ಪ್ರಮಾಣಪತ್ರ ಕೇಳಿ. ಮಗಳಿಗೆ ಮೊಣಕಾಲು ಮೇಲಿನ ಚಡ್ಡಿ, ಗಾಳಿ ತಡೆಯುವ ಜಾಕೆಟ್, ಕುಡಿಯುವ ನೀರು. ಉಬ್ಬರದ ಪಟ್ಟಿ ನಾನೂ ನೋಡುತ್ತೇನೆ.