ಪ್ರಶ್ನೋತ್ತರ: ಬಲ್ಬ್ ಯಾಕೆ ಇಷ್ಟು ಬೇಗ ಹೋಗುತ್ತದೆ?

ಅಡ್ಮಿನ್: ಶಿರಸಿಯಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ವೈರಿಂಗ್ ಕೆಲಸ ಮಾಡಿದವರು ಇವತ್ತು ನಮ್ಮ ಜೊತೆ ಇದ್ದಾರೆ. ಉತ್ತರ ಕನ್ನಡದ ನಮ್ಮ ಗ್ರೂಪಿನವರು ಊರಿನ ಹೆಸರು ಹಾಕಿ ಮನೆಯ ದೀಪದ ಬಗ್ಗೆ ಏನು ಬೇಕಾದರೂ ಕೇಳಿ. ಫಾರ್ವರ್ಡ್ ಬೇಡ.

ಕುಮಟಾ: ಡಬ್ಬದ ಮೇಲೆ 25,000 ಗಂಟೆ ಅಂತ ಇದೆ. ಬಚ್ಚಲುಮನೆಯ ಎಲ್‌ಇಡಿ ಬಲ್ಬ್ ಆರು ತಿಂಗಳೂ ಬಾಳುವುದಿಲ್ಲ. ಮೋಸ ಅಲ್ವಾ?

ಎಲೆಕ್ಟ್ರಿಷಿಯನ್: ಆ ಲೆಕ್ಕ ಒಳಗಿನ ಎಲ್‌ಇಡಿ ಚುಕ್ಕೆಗಳದ್ದು. ಮೊದಲು ಸಾಯುವುದು ಬುಡದಲ್ಲಿರುವ ಡ್ರೈವರ್, ಅಂದರೆ ಮನೆಯ ಕರೆಂಟನ್ನು ಚುಕ್ಕೆಗಳಿಗೆ ತಕ್ಕಂತೆ ಮಾಡುವ ಸರ್ಕಿಟ್. ಅದರ ಕೆಪಾಸಿಟರ್‌ಗೆ ಬಿಸಿ ಆಗಿಬರುವುದಿಲ್ಲ. 10 ಡಿಗ್ರಿ ಬಿಸಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ. ನಿಮ್ಮದು ಗಾಜಿನ ಗೋಳದ ಒಳಗಿದೆಯಾ? ಹಂಡೆಯ ಮೇಲೆಯಾ?

ಕುಮಟಾ: ಗೋಳದ ಒಳಗೆ. ಹಂಡೆಯ ನೇರ ಮೇಲೆ. ಹೇಗೆ ಗೊತ್ತಾಯಿತು?

ಎಲೆಕ್ಟ್ರಿಷಿಯನ್: ಎಲ್ಲರ ಮನೆಯಲ್ಲೂ ಅಲ್ಲೇ. ಬೇರೆ ಗೋಡೆಗೆ ಸರಿಸಿ. ಗೋಳ ಬೇಕೇ ಬೇಕು ಅಂದರೆ 9 ವ್ಯಾಟ್ ಬಿಟ್ಟು 5 ವ್ಯಾಟ್ ಹಾಕಿ.

ಬೈತಖೋಲ: ಹೋಲ್ಡರ್‌ನಿಂದ ಚಿರ್ ಚಿರ್ ಸದ್ದು ಬರುತ್ತದೆ. ಎರಡು ಬಲ್ಬ್ ಹೋಯಿತು.

ಎಲೆಕ್ಟ್ರಿಷಿಯನ್: ಉಪ್ಪುಗಾಳಿ. ಹಿತ್ತಾಳೆ ಪಿನ್ನಿಗೆ ಹಸಿರು ಕಿಲುಬು ಹಿಡಿದಿರುತ್ತದೆ, ಸ್ಪ್ರಿಂಗ್ ಸೋತಿರುತ್ತದೆ. ಮೇನ್ ಇಳಿಸಿ ಹೋಲ್ಡರ್ ಬದಲಿಸಿ. ಬಲ್ಬಿನ ತಪ್ಪಿಲ್ಲ.

ಅಂಕೋಲಾ: ಪಿನ್ನಿಗೆ ತೆಂಗಿನ ಎಣ್ಣೆ ಸವರಿದರೆ ಕಿಲುಬು ಬರುವುದಿಲ್ಲವಂತೆ. ಬೆಳ್ಳಿ ಕಾಗದ ಮಡಚಿ ಇಟ್ಟರೆ ಪಿನ್ ಬಿಗಿಯಾಗುತ್ತದಂತೆ. ಫಾರ್ವರ್ಡ್ ಬಂದಿತ್ತು.

ಎಲೆಕ್ಟ್ರಿಷಿಯನ್: ಎಣ್ಣೆ ದೋಸೆಗೆ ಹಾಕಿ. ಬೆಳ್ಳಿ ಕಾಗದ ಜಾರಿ ಎರಡೂ ಪಿನ್ನಿಗೆ ತಾಗಿದರೆ ನೇರ ಶಾರ್ಟ್.

ಹೊನ್ನಾವರ: ಯಾವ ಕಂಪನಿಯ ಬಲ್ಬ್ ಒಳ್ಳೆಯದು ಸರ್?

ಸಿದ್ದಾಪುರ ಕಡೆಯ ತೋಟದ ಮನೆ: ಒಂದು ವಾರದಿಂದ ವಿಚಿತ್ರ. ಅಡುಗೆಮನೆಯಲ್ಲಿ ಮಿಕ್ಸರ್ ಹಾಕಿದರೆ ಅಲ್ಲಿಯ ದೀಪ ಮಂಕು, ಜಗುಲಿಯ ದೀಪ ಹಗಲಿನ ಹಾಗೆ ಉರಿಯುತ್ತದೆ. ಐದು ಬಲ್ಬ್, ಒಂದು ಚಾರ್ಜರ್ ಸುಟ್ಟಿವೆ. ನಮಗೂ ಒಳ್ಳೆ ಕಂಪನಿ ಹೇಳಿ.

ಎಲೆಕ್ಟ್ರಿಷಿಯನ್: ಕಂಪನಿ ಮಾತು ಆಮೇಲೆ. ತ್ರೀ ಫೇಸ್ ಮೀಟರಾ?

ಸಿದ್ದಾಪುರ: ಹೌದು, ಪಂಪ್‌ಸೆಟ್ ಇದೆ.

ಎಲೆಕ್ಟ್ರಿಷಿಯನ್: ಈಗಲೇ ಹೋಗಿ ಮೇನ್ ಇಳಿಸಿ. ಇಳಿಸಿ ಬಂದು ಓದಿ.

ನಿಮ್ಮ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಸಡಿಲವಾಗಿದೆ. ಫೇಸ್ ಅಂದರೆ ಕರೆಂಟ್ ತರುವ ತಂತಿ, ನಿಮ್ಮಲ್ಲಿ ಮೂರು. ಒಂದೊಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್. ಆದರೆ ಫೇಸ್ ಫೇಸಿನ ನಡುವೆ 400 ವೋಲ್ಟ್. ನ್ಯೂಟ್ರಲ್ ಅಂದರೆ ತಕ್ಕಡಿಯ ನಡುವಿನ ಮೊಳೆ. ಅದು ಸಡಿಲಾದರೆ ಭಾರದ ಲೋಡ್ ಇರುವ ಫೇಸಿನಲ್ಲಿ ವೋಲ್ಟ್ ಕುಸಿಯುತ್ತದೆ, ಹಗುರದ ಫೇಸಿನಲ್ಲಿ ಏರುತ್ತದೆ. ಮಿಕ್ಸರ್ ಇರುವ ಅಡುಗೆಮನೆ ಮಂಕು, ಒಂದೇ ದೀಪದ ಜಗುಲಿ ಝಗಝಗ. ಪೂರ್ತಿ ಕಡಿದುಹೋದರೆ ಜಗುಲಿಯ ದೀಪಕ್ಕೆ 300 ದಾಟಬಹುದು. ಆಗ ಟಿವಿ, ಫ್ರಿಜ್ ಎಲ್ಲ ಒಟ್ಟಿಗೆ. ಬೆಂಕಿಯೂ ಹೊತ್ತಬಹುದು.

ಸಾಮಾನ್ಯವಾಗಿ ಸಡಿಲ ಆಗುವುದು ಕಂಬದ ಜೋಡಣೆಯಲ್ಲಿ, ಮೀಟರಿನ ಬುಡದಲ್ಲಿ, ಇಲ್ಲವೇ ಮೇನ್ ಸ್ವಿಚ್‌ನಲ್ಲಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಸುತ್ತಿಬಿಟ್ಟಿದ್ದರೆ ನಮ್ಮ ಮಳೆಗೆ ಅದು ತಿಂದುಹೋಗುತ್ತದೆ. ಸರ್ವಿಸ್ ತಂತಿಯ ಮೇಲೆ ಏನಾದರೂ ಬಿದ್ದಿತ್ತಾ?

ಸಿದ್ದಾಪುರ: ಹೋದ ವಾರದ ಗಾಳಿಮಳೆಗೆ ಅಡಿಕೆ ಸೋಗೆ ಬಿದ್ದಿತ್ತು. ನಾನೇ ದೋಟಿಯಲ್ಲಿ ಎಳೆದು ತೆಗೆದೆ.

ಎಲೆಕ್ಟ್ರಿಷಿಯನ್: ಹಸಿ ದೋಟಿಯಲ್ಲಿ, ಮಳೆಯಲ್ಲಿ! ಬದುಕಿದ್ದೀರಲ್ಲ ಮಾರಾಯ್ರೆ. ಕರೆಂಟ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ ಕಂಬ ಮತ್ತು ಮೀಟರ್ ನೋಡಿಸಿ. ಮೇನ್‌ನಿಂದ ಒಳಗಿನದ್ದನ್ನು ಲೈಸೆನ್ಸ್ ಇರುವವರು ನೋಡಲಿ. ನೀವು ಏನೂ ಮುಟ್ಟಬೇಡಿ.

ಯಲ್ಲಾಪುರ: ಇಷ್ಟಕ್ಕೆಲ್ಲ ಎಂತಕ್ಕೆ ಗಾಬರಿ? ನ್ಯೂಟ್ರಲ್ ತಂತಿಯನ್ನು ಅರ್ಥಿಂಗ್‌ಗೆ ಸೇರಿಸಿಬಿಡಿ. ನಮ್ಮಲ್ಲಿ ಮೂರು ವರ್ಷದಿಂದ ಹಾಗೇ ಇದೆ.

ಎಲೆಕ್ಟ್ರಿಷಿಯನ್: ಯಾರೂ ಹಾಗೆ ಮಾಡಬೇಡಿ! ಮನೆಯ ಕರೆಂಟೆಲ್ಲ ಅರ್ಥ್ ಗುಂಡಿಗೆ ಹರಿಯುತ್ತದೆ. ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಅದೇ ಕರೆಂಟು ಫ್ರಿಜ್, ಪಂಪ್, ಗೀಸರಿನ ಮೈಗೆ ಬರುತ್ತದೆ. ಯಲ್ಲಾಪುರದವರೇ, ನಿಮ್ಮಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಇಲ್ಲವಾ? ಇದ್ದಿದ್ದರೆ ಅದು ಬೀಳಬೇಕಿತ್ತು.

ಯಲ್ಲಾಪುರ: ಇತ್ತು. ಸುಮ್ನೆ ಬೀಳುತ್ತಿತ್ತು ಅಂತ ತೆಗೆಸಿದೆವು.

ಎಲೆಕ್ಟ್ರಿಷಿಯನ್: ಸುಮ್ನೆ ಅಲ್ಲ.

ಕಾರವಾರ: ಎಲ್ಲರೂ ಬಲ್ಬಿಗೇ ಬೈಯುತ್ತೀರಿ. ಕೈಗಾ ಅಣುಸ್ಥಾವರದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು ಎಲ್ಲ ನಮ್ಮ ಜಿಲ್ಲೆಯವೇ. ನಮ್ಮ ಮನೆಗೆ ಸಂಜೆ 160 ವೋಲ್ಟ್!

ಶಿರಸಿ ಪೇಟೆ: ನಿಮಗೆ 160 ಆದರೂ ಇದೆ. ಘಟ್ಟದ ಮೇಲೆ ಮಳೆಗಾಲದಲ್ಲಿ ಮೂರು ದಿನ ಕತ್ತಲೆ.

ಕಾರವಾರ: ಅಣೆಕಟ್ಟಿಗೆ ಮುಳುಗಿದ್ದು ಕಾಳಿ ನದಿ ದಂಡೆಯ ಊರುಗಳು, ನಿಮ್ಮ ತೋಟಗಳಲ್ಲ.

ಶಿರಸಿ ಪೇಟೆ: ಅದಕ್ಕೇ ನಮಗೆ ಬೇರೆ ಜಿಲ್ಲೆ ಬೇಕು ಅನ್ನುವುದು.

ಕಾರವಾರ: ಮಾಡಿಕೊಳ್ಳಿ, ಯಾರು ಹಿಡಿದುಕೊಂಡಿದ್ದಾರೆ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಎಲೆಕ್ಟ್ರಿಷಿಯನ್: 160 ವೋಲ್ಟಿಗೆ ಎಲ್‌ಇಡಿ ಅಷ್ಟು ಬೇಗ ಸಾಯುವುದಿಲ್ಲ. ಫ್ರಿಜ್‌ನ ಕಂಪ್ರೆಸರ್ ನೋಡಿಕೊಳ್ಳಿ.

ಗೋಕರ್ಣ: ಸ್ವಿಚ್ ಆಫ್ ಮಾಡಿದರೂ ನಮ್ಮ ಬಲ್ಬ್ ರಾತ್ರಿ ಮಿಣುಕುತ್ತದೆ. ಯಾಕೆ?

ಅಂಕೋಲಾ: ಕೆಟ್ಟ ಬಲ್ಬ್ ಎಸೆಯಬೇಡಿ! ಟೋಪಿ ಬಿಚ್ಚಿ, ಕಪ್ಪಾದ ಚುಕ್ಕೆಯ ಮೇಲೆ ಬೆಸುಗೆ ಹಾಕಿದರೆ ಮತ್ತೆ ಉರಿಯುತ್ತದೆ. ವಿಡಿಯೋ ಕಳಿಸಿದ್ದೇನೆ.

ಎಲೆಕ್ಟ್ರಿಷಿಯನ್: ಮತ್ತೆ ನೀವೇ. ಉರಿಯುತ್ತದೆ, ನಾಲ್ಕು ದಿನ. ಒಂದು ಚುಕ್ಕೆ ಸತ್ತಿದೆ ಅಂದರೆ ಉಳಿದವೂ ಅದೇ ಬಿಸಿ ಉಂಡಿವೆ. ಟೋಪಿ ಇಲ್ಲದ ಬಲ್ಬನ್ನು ಹೋಲ್ಡರಿಗೆ ಹಾಕಿ ಮುಟ್ಟಿದರೆ ಕರೆಂಟ್ ತಂತಿ ಮುಟ್ಟಿದ ಹಾಗೆಯೇ. ಅಗ್ಗದ ಬಲ್ಬ್‌ಗಳಲ್ಲಿ ಮೇನ್ ಕರೆಂಟಿಗೂ ಚುಕ್ಕೆಗಳಿಗೂ ನಡುವೆ ತಡೆಯೇ ಇರುವುದಿಲ್ಲ. ವಿಡಿಯೋ ಅಳಿಸಿ.

ಅಂಕೋಲಾ: ತಿಳಿದದ್ದು ಹಂಚಿಕೊಂಡರೂ ತಪ್ಪಾ? ಅಮೆರಿಕದಲ್ಲಿ 1901ರಿಂದ ಒಂದು ಬಲ್ಬ್ ಉರಿಯುತ್ತಲೇ ಇದೆಯಂತೆ. ಅವರೂ ನಿಮ್ಮನ್ನು ಕೇಳಿದ್ದರಾ?

ಎಲೆಕ್ಟ್ರಿಷಿಯನ್: ಅದು ಕ್ಯಾಲಿಫೋರ್ನಿಯಾದ ಫೈರ್ ಸ್ಟೇಷನ್ನಿನದು. ಈಗ ಬರೀ 4 ವ್ಯಾಟಿನಷ್ಟು ಮಿಣುಕುತ್ತದೆ. ಆ ಬೆಳಕಿನಲ್ಲಿ ನೀವು ಫಾರ್ವರ್ಡ್ ಓದಲೂ ಆಗುವುದಿಲ್ಲ.

ಯಲ್ಲಾಪುರ: ಮಾತು ಸ್ವಲ್ಪ ಜಾಸ್ತಿ ಆಯಿತು.

ಎಲೆಕ್ಟ್ರಿಷಿಯನ್: ನೀವು ಮೊದಲು ಆ ತಂತಿ ಬಿಚ್ಚಿಸಿ.

ಮುಂಡಗೋಡ: ಸಿಡಿಲಿಗೆ ಬಲ್ಬ್ ಹೋಗದಂತೆ ಏನು ಮಾಡಬೇಕು?

ಎಲೆಕ್ಟ್ರಿಷಿಯನ್: ಗುಡುಗು ದೂರ ಇರುವಾಗಲೇ ಮೇನ್ ಇಳಿಸಿ. ಮೇನ್ ಬೋರ್ಡಿಗೆ ಎಸ್‌ಪಿಡಿ, ಅಂದರೆ ಸಿಡಿಲಿನ ಹೆಚ್ಚುವರಿ ವೋಲ್ಟನ್ನು ಅರ್ಥಿಗೆ ಇಳಿಸುವ ಸಾಧನ, ಹಾಕಿಸಿ. ಅರ್ಥಿಂಗ್ ಸರಿ ಇಲ್ಲದಿದ್ದರೆ ಅದೂ ದಂಡ.

ಹೊನ್ನಾವರ: ಸರ್, ಯಾವ ಕಂಪನಿ?

ಎಲೆಕ್ಟ್ರಿಷಿಯನ್: ಗುಣಮಟ್ಟದ ಬಿಐಎಸ್ ಗುರುತು ನೋಡಿ. ಬಿಲ್ ಇಟ್ಟುಕೊಳ್ಳಿ.

ಗೋಕರ್ಣ: ನನ್ನ ಪ್ರಶ್ನೆ?

ಸಿದ್ದಾಪುರ: ಮೇನ್ ಇಳಿಸಿದೆವು. ಲೈನ್‌ಮನ್ ಬೆಳಿಗ್ಗೆ ಬರುತ್ತಾರಂತೆ. ಫ್ರಿಜ್‌ನಲ್ಲಿ ಮಾವಿನ ರಸ ಇದೆ, ಒಂದೇ ಗಂಟೆ ಮೇನ್ ಹಾಕಬಹುದಾ?

ಎಲೆಕ್ಟ್ರಿಷಿಯನ್: ಬೇಡ.

ಸಿದ್ದಾಪುರ: ಅರ್ಧ ಗಂಟೆ?

ಎಲೆಕ್ಟ್ರಿಷಿಯನ್: ರಸ ಕುಡಿದು ಮಲಗಿ.