ಸಹಾಯ ಬೇಕು: ಅಪ್ಪಯ್ಯನ ಮೊಬೈಲಿನ ಕುಕೀಗಳನ್ನು ಹದ್ದುಬಸ್ತಿನಲ್ಲಿಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಸಂಜೆ ಮೊಬೈಲಿನಲ್ಲಿ ಚಾಲಿ, ರಾಶಿ ಅಡಿಕೆಯ ಧಾರಣೆ ನೋಡದಿದ್ದರೆ ಅಪ್ಪಯ್ಯನಿಗೆ ಸಮಾಧಾನವಿಲ್ಲ. ಜಾಲತಾಣ ತೆರೆದೊಡನೆ ಅರ್ಧ ಪರದೆ ಮುಚ್ಚುವಂತೆ ‘ಎಲ್ಲ ಕುಕೀಗಳನ್ನು ಒಪ್ಪಿ’ ಎಂಬ ಹಸಿರು ಗುಂಡಿ. ‘ನಿರಾಕರಿಸಿ’ ಎಂಬುದು ಕೆಳಗೆಲ್ಲೋ ಬೂದು ಬಣ್ಣದಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣಕ್ಷರದಲ್ಲಿ. ಅವರು ಹಸಿರನ್ನೇ ಒತ್ತುತ್ತಾರೆ. ಕಳೆದ ತಿಂಗಳು ಒಮ್ಮೆ ಅಡಿಕೆ ಕೊಯ್ಯುವ ಉದ್ದ ಕೋಲಾದ ಕಾರ್ಬನ್ ಫೈಬರ್ ದೋಟಿಯ ಬೆಲೆ ಹುಡುಕಿದರು. ಅಂದಿನಿಂದ ಪಂಚಾಂಗ ನೋಡಿದರೂ ದೋಟಿ, ಸುದ್ದಿ ಓದಿದರೂ ದೋಟಿ. “ಇವರಿಗೆಲ್ಲ ಯಾರು ಹೇಳಿದರು ಮಾರಾಯ?” ಎಂದು ನಿಜಕ್ಕೂ ಹೆದರಿದ್ದಾರೆ.

ಕುಕೀ ಎಂದರೆ ಜಾಲತಾಣವು ನಮ್ಮ ಬ್ರೌಸರ್‌ನಲ್ಲಿ ಇಟ್ಟುಹೋಗುವ ಪುಟ್ಟ ಪಠ್ಯದ ತುಣುಕು. ಲಾಗಿನ್ ನೆನಪಿಡಲು ಅದು ಬೇಕು. ಹೀಗೆ ಬೆನ್ನು ಹತ್ತುವುದು ಹೆಚ್ಚಾಗಿ ಜಾಹೀರಾತು ಕಂಪನಿಗಳಂಥ ಮೂರನೆಯವರ ಕುಕೀ. ಇಷ್ಟು ನನಗೆ ಗೊತ್ತು. ಸಿಟ್ಟಿನಲ್ಲಿ ಒಮ್ಮೆ ಎಲ್ಲವನ್ನೂ ಅಳಿಸಿದೆ. ಎಲ್ಲ ಲಾಗಿನ್‌ಗಳೂ ಹೋಗಿ, ಪಾಸ್‌ವರ್ಡ್ ಬರೆದಿಟ್ಟ ಚೀಟಿಗಾಗಿ ಕಪಾಟೆಲ್ಲ ತಡಕಬೇಕಾಯಿತು.

ಈಗ ಕ್ರೋಮ್‌ನ ಸೈಟ್ ಸೆಟ್ಟಿಂಗ್‌ಗಳಲ್ಲಿ ಮೂರನೆಯವರ ಕುಕೀಗಳನ್ನಷ್ಟೇ ತಡೆದಿದ್ದೇನೆ. ಹೀಗೆ ಮಾಡಿದ ಮೇಲೆ ಹಣ ಪಾವತಿಯ ಪುಟ ಅರ್ಧಕ್ಕೆ ನಿಂತ ಅನುಭವ ಯಾರಿಗಾದರೂ ಆಗಿದೆಯೇ? ಅಪ್ಪಯ್ಯ ಹಣ ಕಟ್ಟುವಾಗ ಹಾಗಾದರೆ ಎಂಬುದೇ ನನ್ನ ಚಿಂತೆ. ಈಗಾಗಲೇ ಒಪ್ಪಿಬಿಟ್ಟ ತಾಣಗಳ ಕುಕೀಗಳನ್ನು ಮಾತ್ರ ಆರಿಸಿ ಅಳಿಸಿ, ಬೇಕಾದ ಲಾಗಿನ್ ಉಳಿಸಿಕೊಳ್ಳುವ ಸುಲಭ ದಾರಿ ಯಾವುದು? ಫೈರ್‌ಫಾಕ್ಸ್ ಬ್ರೌಸರ್ ಒಂದೊಂದು ತಾಣದ ಕುಕೀಗಳನ್ನು ಬೇರೆಬೇರೆಯಾಗಿಯೇ ಇಡುತ್ತದೆ; ಅವರ ವಯಸ್ಸಿನವರಿಗೆ ಅದನ್ನು ರೂಢಿ ಮಾಡಿಸಿದವರು ಇದ್ದೀರಾ?

ಯಾವ ಗುಂಡಿಯ ನಂತರ ಯಾವುದು ಎಂದು ಬಿಡಿಸಿ ಬರೆದರೆ ದೊಡ್ಡ ಉಪಕಾರ. ಭಾನುವಾರ ಮನೆಗೆ ಹೋಗುತ್ತೇನೆ, ಪಕ್ಕದಲ್ಲಿ ಕುಳಿತು ಅವರ ಕೈಯಲ್ಲೇ ಮಾಡಿಸುತ್ತೇನೆ.